ಲಯನ್ಸ್ ಮೇನ್: ಡಬ್ಬಿಯಲ್ಲಿರುವುದು ಅಣಬೆಯೋ, ಕಾಳಿನ ಹಿಟ್ಟೋ?

ನೆನಪಿನ ಶಕ್ತಿಗೆ, ಏಕಾಗ್ರತೆಗೆ, ನರಗಳ ಆರೋಗ್ಯಕ್ಕೆ ಎಂದು ಹೇಳಿಕೊಂಡು ಲಯನ್ಸ್ ಮೇನ್ ಅಣಬೆಯ ಕ್ಯಾಪ್ಸೂಲ್, ಪುಡಿ, ಕಾಫಿ ಮಿಶ್ರಣ, ಗಮ್ಮಿಗಳು ನಮ್ಮ ಆನ್‌ಲೈನ್ ಅಂಗಡಿಗಳಲ್ಲೂ ಈಗ ಸಲೀಸಾಗಿ ಸಿಗುತ್ತವೆ. ಡಬ್ಬಿಯ ಮೇಲಿನ ಚಿತ್ರ ಎಲ್ಲರದೂ ಒಂದೇ, ಗಡ್ಡ ಇಳಿಬಿಟ್ಟಂತಹ ಬಿಳಿ ಉಂಡೆ. ಒಳಗಿನ ಪುಡಿ ಮಾತ್ರ ಒಂದೇ ಅಲ್ಲ. ಒಂದರಲ್ಲಿ ಒಣಗಿಸಿ ಬೀಸಿದ ಅಣಬೆ ಇರುತ್ತದೆ, ಇನ್ನೊಂದರಲ್ಲಿ ಬಿಸಿನೀರಿನಲ್ಲಿ ತೆಗೆದ ಸಾರ, ಮತ್ತೊಂದರಲ್ಲಿ ಅಕ್ಕಿ ಅಥವಾ ಓಟ್ಸ್ ಕಾಳಿನ ಮೇಲೆ ಬೆಳೆಸಿ ಕಾಳಿನ ಸಮೇತ ಪುಡಿ ಮಾಡಿದ ಬೂಷ್ಟಿನಂತಹ ಎಳೆಗಳು. ಈ ಮೂರನ್ನೂ ಒಂದೇ ಹೆಸರಿನಲ್ಲಿ ಮಾರಬಹುದಾಗಿರುವುದೇ ಈ ಮಾರುಕಟ್ಟೆಯ ಮೂಲ ತೊಂದರೆ. ಯಾವ ಪ್ರಭೇದ, ಅದರ ಯಾವ ಭಾಗ, ಎಷ್ಟು ಗ್ರಾಂ ಎಂಬುದು ಗೊತ್ತಾಗದೆ ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಮಾತಿಗೆ ಅರ್ಥವೇ ಇಲ್ಲ.

ಹಲ್ಲಿದ್ದವೆಲ್ಲ ನೆಂಟರಲ್ಲ

ಲಯನ್ಸ್ ಮೇನ್ ಎಂದರೆ ಹೆರೀಸಿಯಂ ಎರಿನೇಸಿಯಸ್. ಹೆರೀಸಿಯಂ ಎಂಬುದು ಹಲ್ಲಣಬೆಗಳ ಒಂದು ಚಿಕ್ಕ ಕುಲ. 1794ರಲ್ಲಿ ಶಿಲೀಂಧ್ರ ವಿಜ್ಞಾನಿ ಕ್ರಿಶ್ಚಿಯಾನ್ ಹೆಂಡ್ರಿಕ್ ಪರ್ಸೂನ್ ಇದಕ್ಕೆ ಹೆಸರಿಟ್ಟ. ಗುಂಡಿ ಅಣಬೆಯ ಕೊಡೆ ಮಗುಚಿದರೆ ಕಾಣುವ ಸಾಲು ಪದರಗಳು ಇದರಲ್ಲಿಲ್ಲ. ಅವುಗಳ ಜಾಗದಲ್ಲಿ ನೆಲದ ಕಡೆಗೆ ಇಳಿಬಿದ್ದ ಮೆತ್ತನೆಯ ಮುಳ್ಳುಗಳಿವೆ, ಬೀಜಕಗಳು ಹುಟ್ಟುವುದು ಆ ಮುಳ್ಳುಗಳ ಮೈಮೇಲೆ. ಸ್ವಲ್ಪ ಜಾಗದಲ್ಲಿ ಹೆಚ್ಚು ಮೇಲ್ಮೈ ಒದಗಿಸುವ ಈ ಉಪಾಯವನ್ನು ಬೇರೆ ಬೇರೆ ಶಿಲೀಂಧ್ರಗಳು ತಮ್ಮ ಪಾಡಿಗೆ ತಾವು ಕಂಡುಕೊಂಡಿವೆ. ಹಾಗಾಗಿ ಹಲ್ಲು ಕಂಡ ಕೂಡಲೇ ಒಂದೇ ಮನೆತನ ಎನ್ನುವಂತಿಲ್ಲ. ಯುರೋಪಿನ ಕಾಡುಗಳ ನೆಲದಲ್ಲಿ ಏಳುವ ಹೈಡ್ನಂ ಅಣಬೆಗೂ ಹಲ್ಲಿದೆ, ಅದರ ನೆಂಟಸ್ತನ ಶಾಂಟರೆಲ್ ಅಣಬೆಗಳ ಜೊತೆ. ಹೆರೀಸಿಯಂ ಸೇರುವುದು ರುಸುಲಾ ಅಣಬೆಗಳ ಗಣಕ್ಕೆ. ಹೈಡ್ನಂ ಬದುಕುವುದು ಮರದ ಬೇರಿನೊಡನೆ ಕೊಡು-ಕೊಳ್ಳುವ ವ್ಯವಹಾರ ಮಾಡಿಕೊಂಡು. ಹೆರೀಸಿಯಂ ಮರದ ತಿರುಳನ್ನೇ ತಿಂದು ಬಿಳಿ ಕೊಳೆ ಉಂಟುಮಾಡುತ್ತದೆ. ಲಯನ್ಸ್ ಮೇನನ್ನು ಮರದ ಪುಡಿಯ ಮೇಲೆ ಬೆಳೆಯಲು ಆಗುವುದೂ, ಹೈಡ್ನಂ ಅನ್ನು ಹಾಗೆ ಬೆಳೆಯಲು ಆಗದಿರುವುದೂ ಇದೇ ಕಾರಣಕ್ಕೆ.

ಕುಲದೊಳಗೆ ಗುರುತಿಸುವ ಕ್ರಮ ಹೀಗೆ. ಕವಲಿಲ್ಲದ ಒಂದೇ ಉಂಡೆ, ಉದ್ದ ಮುಳ್ಳು ಇದ್ದರೆ ಎರಿನೇಸಿಯಸ್. ಬೀಚ್, ಓಕ್‌ನಂತಹ ಅಗಲ ಎಲೆಯ ಮರಗಳ ಗಾಯಗಳಲ್ಲಿ, ಸತ್ತು ನಿಂತ ಕಾಂಡಗಳಲ್ಲಿ ಕಾಣುತ್ತದೆ. ಹವಳದಂತೆ ಕವಲೊಡೆದು, ಕೊಂಬೆಗಳ ಉದ್ದಕ್ಕೂ ಗಿಡ್ಡ ಮುಳ್ಳುಗಳಿದ್ದರೆ ಕೊರಲಾಯ್ಡಿಸ್. ಕವಲೂ ಇದ್ದು, ಮುಳ್ಳುಗಳು ಉದ್ದವಾಗಿ ಕವಲ ತುದಿಗಳಲ್ಲಿ ಗೊಂಚಲಾಗಿದ್ದರೆ ಪೂರ್ವ ಉತ್ತರ ಅಮೆರಿಕದ ಅಮೆರಿಕಾನಂ. ಶಂಕುಧಾರಿ ಮರಗಳ ಮೇಲಿನವು ಬೇರೆ: ಅಮೆರಿಕದ ಪಶ್ಚಿಮ ಕರಾವಳಿ ಕಡೆ ಏಬಿಯೆಟಿಸ್, ಯುರೋಪಿನ ಫರ್ ಮರಗಳಲ್ಲಿ ಫ್ಲಾಜೆಲಂ. ಅಟ್ಟಣಿಗೆಯಂತೆ ಒಂದರ ಮೇಲೊಂದು ಕೂರುವ ಸಿರೇಟಂ ಅನ್ನು ಬಹುಕಾಲ ಬೇರೆ ಕುಲದಲ್ಲೇ ಇಡಲಾಗಿತ್ತು. ಭಾರತದ ಪಾಲೂ ಇದೆ. 2011ರಲ್ಲಿ ಸಿಕ್ಕಿಂನಿಂದ ಯುಮ್‌ಥಾಂಗೆನ್ಸೆ, 2019ರಲ್ಲಿ ಭಾರತದ ಹಿಮಾಲಯದಿಂದಲೇ ರಾಜೇಂದ್ರೆ ಎಂಬ ಹೊಸ ಪ್ರಭೇದಗಳು ವರದಿಯಾದವು.

ಹಳೆಯ ಅಮೆರಿಕನ್ ಕೈಪಿಡಿಗಳನ್ನು ನೋಡಿ ಗುರುತಿಸುವವರು ಒಂದು ವಿಷಯ ಗಮನಿಸಬೇಕು. 1984ರಲ್ಲಿ ಗಿನ್ಸ್ ಎಂಬ ವಿಜ್ಞಾನಿ ಅಮೆರಿಕಾನಂ ಅನ್ನು ಪ್ರತ್ಯೇಕ ಪ್ರಭೇದವಾಗಿ ಹೆಸರಿಸುವ ಮುಂಚೆ ಅದನ್ನೇ ಕೊರಲಾಯ್ಡಿಸ್ ಎಂದೂ, ನಿಜವಾದ ಕೊರಲಾಯ್ಡಿಸ್ ಅನ್ನು ರಾಮೋಸಂ ಎಂದೂ ಬರೆಯುತ್ತಿದ್ದರು. ಅಂದರೆ 1984ಕ್ಕಿಂತ ಹಿಂದಿನ ಬರಹದಲ್ಲಿ ಹೆಸರು ಒಂದು, ಅಣಬೆ ಇನ್ನೊಂದು. ಎಳೆಯದಾಗಿದ್ದಾಗ ಎಲ್ಲವೂ ಬಿಳಿ ಉಂಡೆಯಾಗಿಯೇ ಕಾಣುವುದರಿಂದ ಫೋಟೊ ನೋಡಿ ಪ್ರಭೇದ ಹೇಳುವವರನ್ನು ನಂಬುವ ಹಾಗಿಲ್ಲ.

ಯಾವ ಭಾಗ ಎಂಬ ಜಗಳ

ನಾವು ಅಣಬೆ ಎಂದು ಕರೆಯುವುದು ಶಿಲೀಂಧ್ರದ ಫಲಕಾಯ. ಮರದೊಳಗೆ ಹಬ್ಬಿರುವ ಎಳೆಗಳ ಜಾಲ ಮೈಸೀಲಿಯಂ. ಜಪಾನಿನ ಕವಾಗಿಶಿ ಮತ್ತು ಸಂಗಡಿಗರು 1990ರ ದಶಕದ ಮೊದಲ ವರ್ಷಗಳಲ್ಲಿ ಫಲಕಾಯದಿಂದ ಹೆರಿಸೆನೋನ್‌ಗಳನ್ನೂ, ಮೈಸೀಲಿಯಂನಿಂದ ಎರಿನಾಸಿನ್‌ಗಳನ್ನೂ ಬೇರ್ಪಡಿಸಿದರು. ಪ್ರಯೋಗಾಲಯದ ಜೀವಕೋಶಗಳಲ್ಲಿ ಈ ರಾಸಾಯನಿಕಗಳು ನರ ಬೆಳವಣಿಗೆಯ ಪ್ರೋಟೀನಾದ ಎನ್‌ಜಿಎಫ್ ತಯಾರಿಯನ್ನು ಹೆಚ್ಚಿಸಿದವು. ‘ಮೆದುಳಿನ ಅಣಬೆ’ ಎಂಬ ಕೀರ್ತಿ ಹುಟ್ಟಿದ್ದು ಇಲ್ಲಿಂದ. ಎರಡೂ ಒಂದೇ ಭಾಗದಲ್ಲಿ ಸಿಗುವುದಿಲ್ಲ ಎಂಬುದನ್ನು ಮಾರುವವರು ತಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡಿದ್ದಾರೆ. ಫಲಕಾಯ ಮಾರುವವರು ‘ನಮ್ಮದು ನಿಜವಾದ ಅಣಬೆ’ ಎನ್ನುತ್ತಾರೆ, ಮೈಸೀಲಿಯಂ ಮಾರುವವರು ‘ಎರಿನಾಸಿನ್ ಇರುವುದು ನಮ್ಮದರಲ್ಲೇ’ ಎನ್ನುತ್ತಾರೆ.

ಇಬ್ಬರ ವಾದದಲ್ಲೂ ತೂತಿದೆ. 2008ರಲ್ಲಿ ಮೋರಿ ಮತ್ತು ಸಂಗಡಿಗರು ಮನುಷ್ಯರ ಮೆದುಳಿನ ಗೆಡ್ಡೆಯ ಜೀವಕೋಶಗಳ ಮೇಲೆ ಪ್ರಯೋಗ ಮಾಡಿದಾಗ ಅಣಬೆಯ ಎಥನಾಲ್ ಸಾರ ಎನ್‌ಜಿಎಫ್ ಹೆಚ್ಚಿಸಿತು. ಶುದ್ಧ ಹೆರಿಸೆನೋನ್ ಸಿ, ಡಿ, ಇ ಹೆಚ್ಚಿಸಲಿಲ್ಲ. ಹಾಗಿದ್ದರೆ ಲೇಬಲ್ಲಿನಲ್ಲಿ ‘ಹೆರಿಸೆನೋನ್ ಇದೆ’ ಎಂದು ಬರೆದುಕೊಳ್ಳುವುದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಇನ್ನು ಎರಿನಾಸಿನ್: ಇದರ ಪ್ರಯೋಗಗಳಲ್ಲಿ ಬಳಸಿದ್ದು ದ್ರವ ಮಾಧ್ಯಮದ ಟ್ಯಾಂಕಿನಲ್ಲಿ ನಿಯಂತ್ರಿತವಾಗಿ ಬೆಳೆಸಿದ ಮೈಸೀಲಿಯಂ. ಅದರಲ್ಲಿ ಎರಿನಾಸಿನ್ ಎಷ್ಟು ಹುಟ್ಟುತ್ತದೆ ಎಂಬುದು ತಳಿ, ಮಾಧ್ಯಮ, ಬೆಳೆಸುವ ಅವಧಿಗಳನ್ನು ಅವಲಂಬಿಸಿರುತ್ತದೆ. ಚೀಲದಲ್ಲಿ ಕಾಳಿನ ಮೇಲೆ ಕೆಲವು ವಾರ ಬೆಳೆಸಿ, ಕಾಳಿನ ಜೊತೆಯೇ ಒಣಗಿಸಿ ಪುಡಿ ಮಾಡಿದ ಸರಕಿಗೆ ಆ ಪ್ರಯೋಗದ ಫಲಿತಾಂಶವನ್ನು ಅಂಟಿಸುವುದು ಸುಳ್ಳಲ್ಲದಿದ್ದರೂ ಸುಳ್ಳಿನ ಪಕ್ಕದ ಮನೆ. ಎಳೆಗಳು ಕಾಳಿನೊಳಗೇ ಹೊಕ್ಕಿರುವುದರಿಂದ ಬೇರ್ಪಡಿಸಲು ಆಗುವುದಿಲ್ಲ, ಕೊಂಡವನಿಗೆ ತೂಕದ ಬಹುಪಾಲು ಪಿಷ್ಟವೇ ದಕ್ಕುತ್ತದೆ. ಅಮೆರಿಕದಲ್ಲಿ ಈ ಜಗಳ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಬಾಗಿಲಿಗೂ ಹೋಗಿದೆ. 2023ರಲ್ಲಿ ಅಣಬೆ ಸಾರ ತಯಾರಿಸುವ ಕಂಪನಿಯೊಂದು ಫಲಕಾಯ, ಮೈಸೀಲಿಯಂ, ಕಾಳು ಇವುಗಳನ್ನು ಲೇಬಲ್ಲಿನಲ್ಲಿ ಬೇರೆ ಬೇರೆಯಾಗಿ ಹೇಳಿಸಬೇಕೆಂದು ಅರ್ಜಿ ಹಾಕಿತು. ಅರ್ಜಿ ಹಾಕಿದವರೂ ಫಲಕಾಯ ಮಾರುವವರೇ ಎಂಬುದನ್ನು ಮರೆಯಬೇಕಿಲ್ಲ, ಆದರೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ರೀಶಿ ಎಂಬ ಇನ್ನೊಂದು ಅಣಬೆಯಲ್ಲಿ ಏನಾಯಿತೆಂದು ನೋಡಿದರೆ ಪರಿಸ್ಥಿತಿ ತಿಳಿಯುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದಲ್ಲಿ ಕೊಂಡ 19 ರೀಶಿ ಉತ್ಪನ್ನಗಳ ರಾಸಾಯನಿಕ ಪರೀಕ್ಷೆ ನಡೆಯಿತು. ಲೇಬಲ್ಲಿಗೆ ತಕ್ಕಂತೆ ಇದ್ದದ್ದು 5 ಮಾತ್ರ.

ಲೇಬಲ್ ಓದುವಾಗ ‘ಪಾಲಿಸ್ಯಾಕರೈಡ್ 30%’ ಎಂಬ ಸಾಲಿಗೆ ಮರುಳಾಗಬೇಡಿ. ಪಾಲಿಸ್ಯಾಕರೈಡ್ ಎಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಪಿಷ್ಟವೂ ಪಾಲಿಸ್ಯಾಕರೈಡೇ, ಸಾರವನ್ನು ಪುಡಿಯಾಗಿಸಲು ಬೆರೆಸುವ ಮಾಲ್ಟೋಡೆಕ್ಸ್‌ಟ್ರಿನ್ ಕೂಡ ಆ ಲೆಕ್ಕಕ್ಕೇ ಸೇರುತ್ತದೆ. ನೋಡಬೇಕಾದ್ದು ಬೀಟಾ-ಗ್ಲುಕಾನ್ ಎಷ್ಟು, ಆಲ್ಫಾ-ಗ್ಲುಕಾನ್ ಎಷ್ಟು ಎಂಬ ಎರಡು ಸಂಖ್ಯೆ. ಮೊದಲನೆಯದು ಶಿಲೀಂಧ್ರದ ಕೋಶಭಿತ್ತಿಯದು, ಎರಡನೆಯದು ಮುಖ್ಯವಾಗಿ ಪಿಷ್ಟದ್ದು. ‘10:1 ಸಾರ’ ಎಂಬುದು ಹತ್ತು ಕಿಲೊದಿಂದ ಒಂದು ಕಿಲೊ ತೆಗೆದೆವು ಎಂದಷ್ಟೇ ಹೇಳುತ್ತದೆ. ಆ ಹತ್ತು ಕಿಲೊ ಹಸಿಯದೋ ಒಣಗಿದ್ದೋ ಹೇಳದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಹಸಿ ಅಣಬೆಯಲ್ಲಿ ಸುಮಾರು ಶೇ. 90ರಷ್ಟು ನೀರೇ ಇದ್ದು, ಬರೀ ಒಣಗಿಸಿದರೂ 10:1 ಆಗುತ್ತದೆ.

ಮನೆಯಲ್ಲೇ ಪಿಷ್ಟ ಪರೀಕ್ಷೆ

ಪಿಷ್ಟ ಇದೆಯೋ ಇಲ್ಲವೋ ಎಂದು ನೋಡಲು ಗಾಯಕ್ಕೆ ಹಚ್ಚುವ ಪೊವಿಡೋನ್-ಅಯೋಡಿನ್ ದ್ರಾವಣ ಸಾಕು. ಕ್ಯಾಪ್ಸೂಲ್ ಬಿಚ್ಚಿ ಕಾಲು ಚಮಚ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಎರಡು ನಿಮಿಷ ಕುದಿಸಿ. ಕುದಿಸದಿದ್ದರೆ ಪಿಷ್ಟದ ಕಣಗಳು ಒಡೆಯದೆ ಬಣ್ಣ ಸರಿಯಾಗಿ ಬರುವುದಿಲ್ಲ. ಪೂರ್ತಿ ತಣ್ಣಗಾಗಲು ಬಿಡಿ. ಬಿಸಿಯಲ್ಲಿ ಅಯೋಡಿನ್-ಪಿಷ್ಟದ ನೀಲಿ ಬಣ್ಣ ಮಾಯವಾಗುತ್ತದೆ, ಆತುರದಲ್ಲಿ ಹನಿಸಿದವರಿಗೆ ತಪ್ಪು ಉತ್ತರ ಸಿಗುವುದು ಇಲ್ಲೇ. ತಣಿದ ಮೇಲೆ ತಿಳಿಯನ್ನು ಬಿಳಿ ಬಟ್ಟಲಿಗೆ ಬಸಿದು ಮೂರು ನಾಲ್ಕು ಹನಿ ಅಯೋಡಿನ್ ಹಾಕಿ. ಪಕ್ಕದಲ್ಲಿ ಹೋಲಿಕೆಗೆ ಎರಡು ಬಟ್ಟಲು ಇರಲಿ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ನೀರು ಬೆರೆಸಿ ತೆಳುವಾಗಿಸಿದ ಅನ್ನದ ಗಂಜಿ.

ಗಂಜಿಯ ಹಾಗೆ ಕಡುನೀಲಿಗೆ, ಕಪ್ಪಿಗೆ ತಿರುಗಿದರೆ ಕಾಳು ಅಥವಾ ಪಿಷ್ಟ ಸೇರಿದೆ. ನೀರಿನ ಬಟ್ಟಲಿನಂತೆ ಕಂದು-ಹಳದಿಯಾಗಿಯೇ ಉಳಿದರೆ ಪಿಷ್ಟ ಇಲ್ಲ. ಕೆಂಗಂದು ಬಂದರೆ ಗ್ಲೈಕೋಜನ್ ಅಥವಾ ಡೆಕ್ಸ್‌ಟ್ರಿನ್ ಇರಬಹುದು. ಅಣಬೆಗಳಲ್ಲಿ ಗ್ಲೈಕೋಜನ್ ಸಹಜವಾಗಿಯೇ ಇರುವುದರಿಂದ ಆ ಬಣ್ಣ ಕಂಡ ಕೂಡಲೇ ಕಲಬೆರಕೆ ಎನ್ನಲಾಗದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆರೀಸಿಯಂನ ಬೀಜಕಗಳೂ ಅಯೋಡಿನ್ ಕಾರಕಕ್ಕೆ ನೀಲಿಗಪ್ಪಾಗುತ್ತವೆ, ಕುಲದ ಗುರುತುಗಳಲ್ಲಿ ಅದೂ ಒಂದು. ಆದರೆ ಬಟ್ಟಲಿನ ನೀರನ್ನು ನೀಲಿ ಮಾಡುವಷ್ಟು ಬೀಜಕ ಪುಡಿಯಲ್ಲಿ ಇರುವುದಿಲ್ಲ. ಪರೀಕ್ಷೆಯ ಮಿತಿಯೂ ತಿಳಿದಿರಲಿ. ಇದು ಪಿಷ್ಟವನ್ನು ಹಿಡಿಯುತ್ತದೆ, ಅಷ್ಟೇ. ನೀಲಿಯಾಗದ ಪುಡಿ ಲಯನ್ಸ್ ಮೇನೇ ಎಂದಾಗಲಿ, ಒಳ್ಳೆಯದೆಂದಾಗಲಿ ಇದರಿಂದ ಸಾಬೀತಾಗುವುದಿಲ್ಲ. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಿ.

ಪ್ರಯೋಗ ಹೇಳುವುದು ಎಷ್ಟು, ಜಾಹೀರಾತು ಹೇಳುವುದು ಎಷ್ಟು

ಎಲ್ಲರೂ ಉಲ್ಲೇಖಿಸುವ ಜಪಾನಿನ ಪ್ರಯೋಗ 2009ರದ್ದು. 50ರಿಂದ 80 ವರ್ಷದೊಳಗಿನ, ನೆನಪಿನ ಸಣ್ಣ ತೊಂದರೆ ಇದ್ದ 30 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಣ ಫಲಕಾಯದ ಪುಡಿಯ 250 ಮಿ.ಗ್ರಾಂ ಮಾತ್ರೆ, ಒಮ್ಮೆಗೆ ನಾಲ್ಕರಂತೆ ದಿನಕ್ಕೆ ಮೂರು ಬಾರಿ, 16 ವಾರ ಕೊಟ್ಟರು. ಉಳಿದವರಿಗೆ ಹುಸಿ ಮಾತ್ರೆ. ಪುಡಿ ತಿಂದವರ ಅಂಕ ಏರಿತು, ನಿಲ್ಲಿಸಿದ ನಾಲ್ಕು ವಾರದಲ್ಲಿ ಮತ್ತೆ ಇಳಿಯಿತು. ಜಾಹೀರಾತುಗಳಲ್ಲಿ ಏರಿದ್ದು ಮಾತ್ರ ಬರುತ್ತದೆ.

ಇದರ ಲೆಕ್ಕವನ್ನು ಡಬ್ಬಿಗೆ ಹಾಕಿ ನೋಡಿ. ದಿನಕ್ಕೆ 3 ಗ್ರಾಂ ಪುಡಿ. 500 ಮಿ.ಗ್ರಾಂನ 60 ಕ್ಯಾಪ್ಸೂಲ್ ಇರುವ ಡಬ್ಬಿಯಲ್ಲಿ ಇರುವುದು 30 ಗ್ರಾಂ. ಪ್ರಯೋಗದಲ್ಲಿ ಕೊಟ್ಟಷ್ಟೇ ತಿಂದರೆ ಡಬ್ಬಿ ಹತ್ತು ದಿನಕ್ಕೆ ಖಾಲಿ, 16 ವಾರಕ್ಕೆ ಬೇಕಾದ್ದು 336 ಗ್ರಾಂ ಅಂದರೆ ಹನ್ನೊಂದು ಡಬ್ಬಿ ದಾಟುತ್ತದೆ. ಲೇಬಲ್ಲು ಮಾತ್ರ ದಿನಕ್ಕೊಂದೋ ಎರಡೋ ಸಾಕು ಎನ್ನುತ್ತದೆ. ಹಸಿ ಅಣಬೆಯ ಲೆಕ್ಕದಲ್ಲಿ ಆ 3 ಗ್ರಾಂ ಎಂದರೆ ಸುಮಾರು 30 ಗ್ರಾಂ, ಪಲ್ಯಕ್ಕೆ ಹಾಕುವ ಒಂದು ಸಣ್ಣ ತುಂಡು.

ಆರೋಗ್ಯವಂತ ಯುವಜನರ ಮೇಲಿನ ಫಲಿತಾಂಶಗಳು ಇನ್ನೂ ಸಪ್ಪೆ. ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದವರು 2023ರಲ್ಲಿ 18ರಿಂದ 45 ವರ್ಷದ 41 ಮಂದಿಗೆ ದಿನಕ್ಕೆ 1.8 ಗ್ರಾಂ ಕೊಟ್ಟು 28 ದಿನ ನೋಡಿದರು. ಮೊದಲ ಸೇವನೆಯ ಒಂದು ಗಂಟೆಯ ಬಳಿಕ ಒಂದು ಪರೀಕ್ಷೆಯಲ್ಲಿ ವೇಗ ತುಸು ಹೆಚ್ಚಿತು, ಉಳಿದ ಬಹುತೇಕ ಅಳತೆಗಳಲ್ಲಿ ಗಮನಾರ್ಹ ಬದಲಾವಣೆ ಇಲ್ಲ. 2025ರಲ್ಲಿ 18 ಮಂದಿಗೆ ಒಮ್ಮೆ ಸಾರ ಕೊಟ್ಟು ನೋಡಿದ ಇನ್ನೊಂದು ಪ್ರಯೋಗದಲ್ಲೂ ಒಟ್ಟಾರೆ ಸುಧಾರಣೆ ಕಾಣಲಿಲ್ಲ. ಇಷ್ಟು ಸಣ್ಣ ಸಂಖ್ಯೆಯ ಪ್ರಯೋಗಗಳಿಂದ ‘ಕೆಲಸ ಮಾಡುವುದೇ ಇಲ್ಲ’ ಎಂದು ತೀರ್ಪು ಕೊಡಲೂ ಆಗದು. ಆದರೆ ಪರೀಕ್ಷೆಗೆ ಓದುವ ಮಕ್ಕಳಿಗೆ ಕೊಡಿ ಎಂದು ಮಾರಲು ಇವುಗಳಲ್ಲಿ ಯಾವ ಆಧಾರವೂ ಇಲ್ಲ.

ನಮ್ಮಲ್ಲಿ ಇಂತಹ ಸರಕು ಔಷಧವಲ್ಲ, ಆಹಾರ ಪೂರಕದ ಲೆಕ್ಕದಲ್ಲಿ ಬರುತ್ತದೆ. ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಲೇಬಲ್ಲಿನಲ್ಲಿ ಇರಲೇಬೇಕು, ರೋಗ ಗುಣಪಡಿಸುತ್ತದೆ ಎನ್ನುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಕೆಲವರು ಗುಣಮಟ್ಟದ ಮುದ್ರೆಯಂತೆ ತೋರಿಸುತ್ತಾರೆ. ಅದು ವ್ಯಾಪಾರದ ಪರವಾನಗಿ, ಒಳಗಿನ ಪುಡಿ ಕೆಲಸ ಮಾಡುತ್ತದೆ ಎಂಬುದಕ್ಕೆ ಪ್ರಮಾಣಪತ್ರವಲ್ಲ. ಅಣಬೆ ಅಲರ್ಜಿ, ಉಬ್ಬಸ ಇರುವವರು ದೂರ ಇರುವುದು ಒಳ್ಳೆಯದು. ಚರ್ಮದ ಅಲರ್ಜಿಯ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ, ಜಪಾನಿನಲ್ಲಿ ಸಾರ ಸೇವಿಸುತ್ತಿದ್ದ ಒಬ್ಬರಿಗೆ ಶ್ವಾಸಕೋಶದ ಗಂಭೀರ ತೊಂದರೆಯಾದ ವರದಿಯೂ ಇದೆ. ರಕ್ತ ತೆಳುವಾಗಿಸುವ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಶುರು ಮಾಡಬಾರದು.

ಚಿಪ್ಪಣಬೆ ಬೆಳೆದವರು ಎಡವುವ ಜಾಗ

ಡಬ್ಬಿಯ ಬದಲು ಅಣಬೆಯನ್ನೇ ತಿನ್ನಿ ಎಂದರೆ ಅದನ್ನು ಬೆಳೆಯುವವರು ಬೇಕು. ಕರ್ನಾಟಕದಲ್ಲಿ ಚಿಪ್ಪಣಬೆ, ಹಾಲಣಬೆ ಬೆಳೆಯುವವರು ಬೇಕಾದಷ್ಟಿದ್ದಾರೆ. ಲಯನ್ಸ್ ಮೇನ್‌ಗೆ ಕೈಹಾಕಿದಾಗ ಅದೇ ಪದ್ಧತಿ ಇಲ್ಲಿಗೂ ನಡೆಯುತ್ತದೆ ಎಂದುಕೊಳ್ಳುವುದರಿಂದ ನಷ್ಟ ಶುರುವಾಗುತ್ತದೆ. ಚಿಪ್ಪಣಬೆಗೆ ಭತ್ತದ ಹುಲ್ಲನ್ನು ಬಿಸಿನೀರಿನಲ್ಲಿ ಅದ್ದಿದರೆ ಸಾಕು, ಅದರ ಎಳೆಗಳು ಬೇಗ ಹಬ್ಬಿ ಉಳಿದ ಬೂಷ್ಟನ್ನು ಹಿಂದೆ ಹಾಕುತ್ತವೆ. ಲಯನ್ಸ್ ಮೇನ್‌ನ ಎಳೆ ಸಣ್ಣದು, ನಿಧಾನ. ಅದಕ್ಕೆ ಒಳ್ಳೆಯ ಇಳುವರಿ ಬೇಕೆಂದರೆ ಮರದ ಪುಡಿಗೆ ತೌಡು ಬೆರೆಸಬೇಕು, ತೌಡು ಬೆರೆಸಿದ ಮೇಲೆ ಹಸಿರು ಬೂಷ್ಟು ಟ್ರೈಕೊಡರ್ಮಾ ಕಾದುಕೊಂಡೇ ಇರುತ್ತದೆ. ಆದ್ದರಿಂದ ಪೂರ್ತಿ ಕ್ರಿಮಿಶುದ್ಧಿ ಅನಿವಾರ್ಯ.

ಎರಡು ಕಿಲೊ ಚೀಲದ ಲೆಕ್ಕ: ಒಣ ಮರದ ಪುಡಿ 640 ಗ್ರಾಂ, ಗೋಧಿ ಅಥವಾ ಅಕ್ಕಿ ತೌಡು 160 ಗ್ರಾಂ, ಜಿಪ್ಸಂ 8 ಗ್ರಾಂ, ನೀರು 1.2 ಲೀಟರ್. ತೇವಾಂಶ ಶೇ. 60ರ ಹತ್ತಿರ ಬರುತ್ತದೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾದರೆ ತಳದಲ್ಲಿ ನೀರು ನಿಂತು ಹುಳಿ ವಾಸನೆ ಹೊಡೆಯುತ್ತದೆ. ಮಾವು, ರಬ್ಬರ್ ಮರದಂತಹ ಮೆದು ಸ್ವಭಾವದ ಮರದ ಪುಡಿ ಆದೀತು. ಸಾಮಿಲ್ಲಿನಲ್ಲಿ ಪುಕ್ಕಟೆ ಸಿಗುತ್ತದೆಂದು ತೇಗದ ಪುಡಿ ತರಬೇಡಿ. ತೇಗ ಕೊಳೆಯದಿರಲು ಕಾರಣವಾದ ಅಂಶಗಳೇ ಇಲ್ಲಿ ಅಣಬೆಯನ್ನು ತಡೆಯುತ್ತವೆ. ಶಾಖ ತಡೆಯುವ ಪಾಲಿಪ್ರೊಪಿಲೀನ್ ಚೀಲದಲ್ಲಿ ತುಂಬಿ 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ ಎರಡೂವರೆ ಗಂಟೆ ಇಡಬೇಕು. ಮನೆಯ ಕುಕ್ಕರಿನಲ್ಲಿ ಅಷ್ಟು ಹೊತ್ತಿಗೆ ನೀರು ಬತ್ತಿಹೋಗುವುದರಿಂದ ಸಣ್ಣ ಗಾಜಿನ ಜಾಡಿಗಳಲ್ಲಷ್ಟೇ ಪ್ರಯತ್ನಿಸಬಹುದು. ತಣಿದ ಮೇಲೆ ಚೀಲಕ್ಕೆ 100 ಗ್ರಾಂ ಅಣಬೆ ಬೀಜ (ಕಾಳಿನ ಮೇಲೆ ಬೆಳೆಸಿದ ಎಳೆ) ಹಾಕಿ 21ರಿಂದ 25 ಡಿಗ್ರಿಯಲ್ಲಿ ಎರಡು ಮೂರು ವಾರ ಬಿಡಿ.

ಇಲ್ಲಿ ಹೊಸಬರು ಒಳ್ಳೆಯ ಚೀಲಗಳನ್ನೇ ಎಸೆಯುವುದುಂಟು. ಚಿಪ್ಪಣಬೆಯ ಹಾಗೆ ಚೀಲ ಹಾಲಿನಂತೆ ಬೆಳ್ಳಗಾಗುವುದಿಲ್ಲ. ಎಳೆ ಎಷ್ಟು ತೆಳು ಎಂದರೆ ಪುಡಿಯ ಬಣ್ಣ ತುಸು ಮಾಸಿದಂತೆ ಮಾತ್ರ ಕಾಣುತ್ತದೆ, ‘ಹಿಡಿದಿಲ್ಲ’ ಎಂದುಕೊಳ್ಳುತ್ತಾರೆ. ಚೀಲದೊಳಗೇ ಅಲ್ಲಲ್ಲಿ ಬಿಳಿ ಗಂಟು ಮೂಡಿದ್ದರೆ ಅದು ರೋಗವಲ್ಲ, ಅಣಬೆಯ ಮೊಳಕೆ. ಆಗ ಚೀಲದ ಬಾಯಿ ಬಿಚ್ಚದೆ, ಪಕ್ಕದಲ್ಲಿ ಎರಡು ಸೆಂಟಿಮೀಟರಿನ ಒಂದೆರಡು ಸೀಳು ಮಾತ್ರ ಹಾಕಿ. ಬಾಯಿ ಪೂರ್ತಿ ತೆರೆದರೆ ಹತ್ತಾರು ಕಡೆ ಸಣ್ಣ ಸಣ್ಣ ಮೊಳಕೆ ಎದ್ದು ಯಾವುದೂ ದಪ್ಪವಾಗುವುದಿಲ್ಲ.

ಫಲ ಬರುವ ಹಂತಕ್ಕೆ 15ರಿಂದ 20 ಡಿಗ್ರಿ, ಶೇ. 85ರಿಂದ 95 ತೇವ, ಸರಾಗ ಗಾಳಿ ಬೇಕು. ಗಾಳಿ ಸಾಲದೆ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡರೆ ಉಂಡೆ ಕವಲೊಡೆದು ಹವಳದ ಆಕಾರಕ್ಕೆ ತಿರುಗುತ್ತದೆ. ‘ಬೀಜದವರು ಕೊರಲಾಯ್ಡಿಸ್ ಕೊಟ್ಟು ಮೋಸ ಮಾಡಿದರು’ ಎಂದು ದೂರುವ ಮುಂಚೆ ಕೋಣೆಯ ಕಿಟಕಿ ನೋಡಿಕೊಳ್ಳಿ. ನೀರನ್ನು ಗೋಡೆಗೆ, ನೆಲಕ್ಕೆ ಸಿಂಪಡಿಸಬೇಕೇ ಹೊರತು ಉಂಡೆಯ ಮೇಲಲ್ಲ. ಮುಳ್ಳುಗಳ ನಡುವೆ ನೀರು ನಿಂತರೆ ಕಂದು ಕಲೆ ಬೀಳುತ್ತದೆ. ಮುಳ್ಳು ಅರ್ಧದಿಂದ ಒಂದು ಸೆಂಟಿಮೀಟರ್ ಆದಾಗ ಕೊಯ್ಯಿರಿ. ಇನ್ನೂ ದೊಡ್ಡದಾಗಲಿ ಎಂದು ಬಿಟ್ಟರೆ ಹಳದಿಗೆ, ನಸುಗೆಂಪಿಗೆ ತಿರುಗಿ ಕಹಿಯಾಗುತ್ತದೆ. ಮೊದಲ ಕೊಯ್ಲಿನಲ್ಲಿ ಚೀಲಕ್ಕೆ 300ರಿಂದ 400 ಗ್ರಾಂ ಬಂದರೆ ಬೆಳೆ ಚೆನ್ನಾಗಿದೆ ಎಂದರ್ಥ. ಬಯಲುಸೀಮೆಯ ಬೇಸಿಗೆಯಲ್ಲಿ ಎಸಿ ಇಲ್ಲದೆ ಇದು ಆಗದ ಮಾತು. ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಜಾಗಗಳಲ್ಲಿ ಚಳಿಗಾಲದಲ್ಲಿ ಕರೆಂಟ್ ಖರ್ಚು ಉಳಿದೀತು. ಫ್ರಿಜ್ಜಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ತಾಳುವುದು ಕಷ್ಟ, ಒಣಗಿಸಿದರೆ ಕಿಲೊಗೆ ನೂರು ಗ್ರಾಂ ಉಳಿಯುತ್ತದೆ. ಕೊಳ್ಳುವವರು ಯಾರು ಎಂದು ಗೊತ್ತಾಗುವ ಮುನ್ನ, ‘ಬೀಜ ಕೊಳ್ಳಿ, ಬೆಳೆ ನಾವೇ ಕೊಳ್ಳುತ್ತೇವೆ’ ಎನ್ನುವವರ ಮಾತಿನ ಮೇಲೆ ಒತ್ತಡದ ಆವಿಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೊಕ್ಲೇವಿಗೆ ಸಾಲ ಮಾಡುವುದು ಜಾಣತನವಲ್ಲ.

ಅಡುಗೆಗೆ ಬಂದರೆ, ಇದನ್ನು ತೊಳೆದರೆ ಸ್ಪಂಜಿನಂತೆ ನೀರು ಹೀರಿಕೊಳ್ಳುತ್ತದೆ. ಒರೆಸಿ, ಕೈಯಲ್ಲಿ ಎಳೆ ಎಳೆಯಾಗಿ ಹರಿದು, ಮೊದಲು ಎಣ್ಣೆಯಿಲ್ಲದ ಕಾವಲಿಯ ಮೇಲೆ ಒತ್ತಿ ನೀರು ಆರಿಸಿ, ಅಂಚು ಕಂದಾದ ಮೇಲೆ ಎಣ್ಣೆ, ಮೆಣಸಿನಪುಡಿ, ಉಪ್ಪು.

ಕಾಡಿನದನ್ನು ಮುಟ್ಟಬಾರದ ದೇಶ

ಪ್ರಪಂಚದಾದ್ಯಂತ ಟನ್ನುಗಟ್ಟಲೆ ಬೆಳೆಯುವ ಇದೇ ಪ್ರಭೇದ ಬ್ರಿಟನ್ನಿನ ಕಾಡುಗಳಲ್ಲಿ ಅಪರೂಪ. ಅಲ್ಲಿನ 1981ರ ವನ್ಯಜೀವಿ ಕಾಯ್ದೆಯ 8ನೇ ಪರಿಶಿಷ್ಟದಲ್ಲಿ ಎರಿನೇಸಿಯಸ್ ಇದ್ದು, ಕಾಡಿನದನ್ನು ಕೀಳುವುದೂ ಮಾರುವುದೂ ಅಪರಾಧ. ಹಳೆಯ, ಗಾಯಗೊಂಡ, ಟೊಳ್ಳು ಬಿದ್ದ ಬೀಚ್ ಮರಗಳೇ ಅದಕ್ಕೆ ಮನೆ. ಅಪಾಯಕಾರಿ ಎಂದು ಅಂತಹ ಮರಗಳನ್ನು ಕಡಿದುಹಾಕುವುದು ಅಣಬೆ ಕೀಳುವುದಕ್ಕಿಂತ ದೊಡ್ಡ ಹೊಡೆತ. ಹೊಸದಾಗಿ ಸೇರಿಕೊಂಡ ಚಿಂತೆ ಮನೆಯಲ್ಲಿ ಬೆಳೆಸುವ ಕಿಟ್‌ಗಳದು. ದೂರದೇಶದ ತಳಿ ತೋಟದ ಮರದಿಮ್ಮಿಗೆ ದಾಟಿದರೆ ಸ್ಥಳೀಯ ತಳಿಯೊಡನೆ ಬೆರೆತುಹೋಗಬಹುದು. ಇದು ಬರೀ ಊಹೆ ಎನ್ನುವವರಿಗೆ ಪೂರ್ವ ಏಷ್ಯಾದ ಹಳದಿ ಚಿಪ್ಪಣಬೆಯ ಉದಾಹರಣೆ ಇದೆ. ಸಾಕಣೆಯಿಂದ ತಪ್ಪಿಸಿಕೊಂಡು ಅದು ಅಮೆರಿಕದ ಕಾಡುಗಳಲ್ಲಿ ಹರಡಿದೆ. 2025ರಲ್ಲಿ ಪ್ರಕಟವಾದ ವಿಸ್ಕಾನ್ಸಿನ್ ಸಂಶೋಧಕರ ಅಧ್ಯಯನದಲ್ಲಿ ಅದು ಹಿಡಿದ ಎಲ್ಮ್ ಮರಗಳೊಳಗೆ ಉಳಿದ ಶಿಲೀಂಧ್ರಗಳ ವೈವಿಧ್ಯ ಕಡಿಮೆಯಿತ್ತು.

ಮಲೆನಾಡಿನ ಬೆಳೆಗಾರರಿಗೂ ಇದು ಅನ್ವಯಿಸುತ್ತದೆ. ಕೊಯ್ಲು ಮುಗಿದ ಚೀಲಗಳನ್ನು ಕಾಡಂಚಿಗೋ ಕಾಫಿ ತೋಟದ ನೆರಳುಮರಗಳ ಬುಡಕ್ಕೋ ಸುರಿಯದೆ, ಪ್ಲಾಸ್ಟಿಕ್ ತೆಗೆದು, ಡ್ರಮ್ಮಿನಲ್ಲಿ ಒಂದೆರಡು ಗಂಟೆ ಆವಿಯಲ್ಲಿ ಬೇಯಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಬೇಕು. ಬೇಯಿಸಲು ಆಗದವರು ಸಗಣಿ ಬೆರೆಸಿ ರಾಶಿ ಹಾಕಿ, ನಡುಭಾಗ ಕೈಯಿಡಲಾಗದಷ್ಟು ಬಿಸಿಯಾಗುವುದನ್ನು ನೋಡಿ, ಹೊರಗಿನದು ಒಳಗೆ ಬರುವಂತೆ ಮಗುಚಿ ಇನ್ನೊಮ್ಮೆ ಬಿಸಿಯಾಗಲು ಬಿಡಬೇಕು.